ಊರದೇವರ ಮೂಲ ಹುಡುಕುವ ಬಗೆ: ಮಂಡ್ಯ ಸೀಮೆಯವರಿಗೊಂದು ಕೈಪಿಡಿ

ಮನುಷ್ಯನಿಗೆ ದೇವರು ಹೇಗೆ ಹೊಳೆದ ಎಂಬ ಪ್ರಶ್ನೆಗೆ ದೊಡ್ಡ ದೊಡ್ಡ ಉತ್ತರಗಳಿವೆ. ಕನಸಿನಲ್ಲಿ ಸತ್ತವರನ್ನು ಕಂಡ ಮನುಷ್ಯ ಆತ್ಮ ಅಂತ ಒಂದಿದೆ ಎಂದುಕೊಂಡ, ಧರ್ಮ ಅಲ್ಲಿಂದ ಶುರುವಾಯಿತು ಎಂದು 1871ರಲ್ಲಿ ಇಂಗ್ಲೆಂಡಿನ ಟೈಲರ್ ವಾದಿಸಿದರು. ಹಾಗಲ್ಲ, ಜನ ಒಟ್ಟು ಸೇರಿದಾಗ ಏಳುವ ಆವೇಶವೇ ಮೂಲ, ದೇವರ ಹೆಸರಿನಲ್ಲಿ ಸಮಾಜ ತನ್ನನ್ನೇ ಪೂಜಿಸಿಕೊಳ್ಳುತ್ತದೆ ಎಂದು 1912ರಲ್ಲಿ ಫ್ರಾನ್ಸಿನ ದುರ್ಖೈಮ್ ಬರೆದರು. ಯಾರ ಮಾತು ಎಷ್ಟು ಸರಿ ಎಂದು ಒರೆಗೆ ಹಚ್ಚಲು ಮದ್ದೂರು, ಮಳವಳ್ಳಿ, ನಾಗಮಂಗಲ ಕಡೆಯ ಒಂದು ಊರು ಸಾಕು. ಅಲ್ಲಿ ಸತ್ತವರ ಕಲ್ಲೂ ಇರುತ್ತದೆ, ತಮಟೆ ಏಟಿಗೆ ಮೈದುಂಬುವ ಜನವೂ ಇರುತ್ತಾರೆ.

ಈ ಕೈಪಿಡಿ ತಮ್ಮೂರಿನ ದೇವರು ಎಲ್ಲಿಂದ ಬಂತು, ಯಾಕೆ ಉಳಿಯಿತು ಎಂದು ದಾಖಲಿಸಬೇಕೆನ್ನುವ ಮೇಷ್ಟ್ರುಗಳಿಗೆ, ವಿದ್ಯಾರ್ಥಿಗಳಿಗೆ, ದೇವಸ್ಥಾನ ಸಮಿತಿಯವರಿಗೆ. ಅಳತೆ ಚಿಕ್ಕದಿರಲಿ: ಒಂದು ಊರು, ಒಂದು ದೇವರು, ಯುಗಾದಿಯಿಂದ ಯುಗಾದಿಗೆ ಒಂದು ವರ್ಷ. ‘ನಮ್ಮ ತಾಲ್ಲೂಕಿನ ದೇವತೆಗಳು’ ಎಂದು ಹೊರಟವರು ಸಾಮಾನ್ಯವಾಗಿ ಹೆಸರಿನ ಪಟ್ಟಿ ಹಿಡಿದು ವಾಪಸ್ಸು ಬರುತ್ತಾರೆ. ಇನ್ನೊಂದು, ನಂಬಿಕೆಯನ್ನು ಕೇಳುವ ಮೊದಲು ಕೆಲಸವನ್ನು ಕೇಳಿ. ‘ಈ ದೇವರ ಇತಿಹಾಸ ಏನು?’ ಎಂದರೆ ಸಿದ್ಧ ಕಥೆ ಬರುತ್ತದೆ. ‘ಕೊಂಡಕ್ಕೆ (ಹಬ್ಬದಲ್ಲಿ ಹಾಯುವ ಕೆಂಡದ ಗುಂಡಿಗೆ) ಮೊದಲ ಸೌದೆ ಯಾರ ಮನೆಯದು?’ ಎಂದರೆ ಇತಿಹಾಸ ಬರುತ್ತದೆ.

ನಕ್ಷೆ ಹಿಡಿದು ನಡೆಯಿರಿ

ಮೊದಲ ಎರಡು ದಿನ ಯಾರನ್ನೂ ಏನನ್ನೂ ಕೇಳಬೇಡಿ. ಭೂದಾಖಲೆ ಕಚೇರಿಯಿಂದ ಗ್ರಾಮ ನಕ್ಷೆಯ ಪ್ರತಿ ತೆಗೆದುಕೊಳ್ಳಿ. ಅದರಲ್ಲಿ ಗುಡಿ, ಕೆರೆ, ಕಟ್ಟೆ, ಹಳೆಯ ಬಂಡಿದಾರಿ, ಸರ್ವೆ ನಂಬರು ಎಲ್ಲ ಇರುತ್ತವೆ. ಊರನ್ನು ಒಳಗಿನಿಂದ ಹೊರಕ್ಕೆ ಸುತ್ತಿ, ಪೂಜೆ ಬೀಳುವ ಪ್ರತಿಯೊಂದನ್ನೂ ನಕ್ಷೆಯ ಮೇಲೆ ಗುರುತಿಸಿ. ಗುಡಿ ಮಾತ್ರ ಅಲ್ಲ: ಹುತ್ತ, ಅರಳಿಕಟ್ಟೆಯ ನಾಗರಕಲ್ಲು, ಊರಬಾಗಿಲ ಆಂಜನೇಯ, ಕೆರೆ ತೂಬಿನ ಹತ್ತಿರ ಕುಂಕುಮ ಮೆತ್ತಿದ ಕಲ್ಲು, ಹೊಲದ ಬದುವಿನ ಮುನಿಯಪ್ಪ, ಮುಸ್ಲಿಮರ ಗೋರಿ, ಬಾಬಯ್ಯನ ಹಬ್ಬದಲ್ಲಿ (ಮೊಹರಂನಲ್ಲಿ) ಬೆಂಕಿಗುಂಡಿಯ ಸುತ್ತ ಅಲಾವಿ ಕುಣಿಯುತ್ತಿದ್ದ ಜಾಗ.

ದೇವರು ಎಲ್ಲಿ ಕೂತಿದೆ ಎಂಬುದರಲ್ಲೇ ಅರ್ಧ ಕಥೆ ಇರುತ್ತದೆ. ಮಾರಿ ಊರೆಲ್ಲೆಯಲ್ಲಿದ್ದರೆ ಅವಳ ಕೆಲಸ ರೋಗ ತಡೆಯುವುದು. ಈಗ ಗುಡಿ ಊರ ನಡುವಿದ್ದರೆ ಊರು ಅವಳನ್ನು ದಾಟಿ ಬೆಳೆದಿದೆ ಎಂದರ್ಥ. ತೂಬಿನ ಬಳಿಯ ಕಲ್ಲು ಕೆರೆಯಷ್ಟೇ ಹಳೆಯದಿರಬಹುದು, ಅದಕ್ಕಿಂತ ಹಿಂದಿನದಾಗಿರುವುದು ಅಪರೂಪ. ನಕ್ಷೆಯಲ್ಲಿ ‘ಬೇಚಿರಾಕ್’ ಎಂದಿರುವ ಗ್ರಾಮ ಪಕ್ಕದಲ್ಲಿದ್ದರೆ ಖಂಡಿತ ಹೋಗಿ. ಜನ ಬಿಟ್ಟುಹೋದ ಇಂಥ ಊರುಗಳಲ್ಲಿ ಮನೆಗಳ ಗುರುತು ಅಳಿಸಿದ್ದರೂ ದೇವರಿಗೆ ವರ್ಷಕ್ಕೊಮ್ಮೆ ದೀಪ ಹಚ್ಚಲು ಯಾವುದೋ ಊರಿನಿಂದ ಯಾರೋ ಬರುತ್ತಾರೆ. ಬರುವವರ ಊರು, ಕುಲ, ಮನೆತನದ ಹೆಸರು ಬರೆದುಕೊಂಡರೆ ವಲಸೆಯ ದಾರಿ ಸಿಗುತ್ತದೆ.

ಕಲ್ಲು ಓದುವುದು

ಇಲ್ಲಿ ಅವಸರ ಬೇಡ. ಮಂಡ್ಯ–ಮೈಸೂರು ಸೀಮೆಯಲ್ಲಿ ದೇವರೆಂದು ಪೂಜೆಗೊಳ್ಳುವ ಎಷ್ಟೋ ಕಲ್ಲುಗಳು ಮೊದಲು ಸತ್ತವರ ನೆನಪಿಗೆ ನೆಟ್ಟವು. ಗುರುತು ಹಿಡಿಯುವುದು ಹೀಗೆ: ಸಾಮಾನ್ಯವಾಗಿ ಮೂರು ಅಂತಸ್ತಿದ್ದು, ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುತ್ತಿರುವುದು, ಮೇಲೆ ಲಿಂಗದ ಮುಂದೆ ಅವನು ಕೂತಿರುವುದು ಇದ್ದರೆ ವೀರಗಲ್ಲು. ಬಳೆ ತೊಟ್ಟ ತೋಳೊಂದು ಮೇಲೆದ್ದಿದ್ದರೆ ಮಾಸ್ತಿಕಲ್ಲು, ಅಂದರೆ ಸತಿ ಹೋದವಳ ಕಲ್ಲು. ಜನ ‘ಮಾಸ್ತಮ್ಮ’ ಎನ್ನುತ್ತಾರೆ. ಒಂದೇ ಚಪ್ಪಡಿಯಲ್ಲಿ ಏಳು ಹೆಣ್ಣುಗಳು ಸಾಲಾಗಿ ಕೂತಿದ್ದರೆ ಸಪ್ತಮಾತೃಕೆಯರು. ಬರಿಯ ಲಿಂಗ, ಸೂರ್ಯ, ಚಂದ್ರ ಇದ್ದರೆ ಅದು ದೇವರಿಗೆ ಬಿಟ್ಟ ಜಮೀನಿನ ಎಲ್ಲೆಗಲ್ಲು, ಲಿಂಗಮುದ್ರೆ ಕಲ್ಲು. ಅದೇ ವೈಷ್ಣವ ದತ್ತಿಯಾದರೆ ಕೊಡೆ ಹಿಡಿದ ವಾಮನ ಅಥವಾ ಚಕ್ರ. ಎಲ್ಲೆಗಲ್ಲು ಕಾಲಾಂತರದಲ್ಲಿ ದೇವರಾಗಿರುವುದನ್ನು ನೋಡಿ ನಗಬೇಡಿ. ಹುಡುಕಲು ಹೊರಟ ವಿಷಯವೇ ಅದು.

ನಮ್ಮ ಸೀಮೆಯದೇ ಒಂದು ಉದಾಹರಣೆ ಇದಕ್ಕೆ ಕೀಲಿಕೈ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ, ಹತ್ತನೆಯ ಶತಮಾನದ್ದು, ಗಂಗ ಬೂತುಗನ ಕಾಲದ್ದು. ರಾಷ್ಟ್ರಕೂಟರು ಚೋಳರನ್ನು ಸೋಲಿಸಿದ ತಕ್ಕೋಲದ ಯುದ್ಧದಲ್ಲಿ ಹೋರಾಡಿದ ಮಣಲೇರನೆಂಬ ವೀರ ಬೇಡಿ ಪಡೆದ ‘ಕಾಳಿ’ ಎಂಬ ಬೇಟೆನಾಯಿ, ಬೆಳತೂರಿನ ಪಡುವಣ ಮೊರಡಿಯಲ್ಲಿ (ದಿಬ್ಬದಲ್ಲಿ) ಹಂದಿಯ ಮೇಲೆ ಬಿದ್ದು, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ನಾಯಿಯ ನೆನಪಿಗೆ ಚಲ್ಲೇಶ್ವರದ ಗುಡಿಯ ಮುಂದೆ ಕಲ್ಲು ನೆಟ್ಟು, ಎರಡು ಖಂಡುಗ ಬೀಜ ಹಿಡಿಸುವಷ್ಟು ಜಮೀನು ಬಿಟ್ಟರು. ಆ ಸ್ಥಾನ ನೋಡಿಕೊಳ್ಳುವ ಗೊರವ ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ಪಾಪ ತಟ್ಟುತ್ತದೆ ಎಂದೂ ಬರೆಸಿದರು. ಒಂದು ಸಾವು, ಅದರ ಹಿಂದಿನ ಪೌರುಷದ ಕಥೆ, ಪೂಜೆಗೆ ಜಮೀನು, ಪೂಜೆ ಮಾಡುವವನ ಹುದ್ದೆ, ತಪ್ಪಿದರೆ ಶಾಪ: ಒಂದು ದೈವ ನಿಲ್ಲಲು ಬೇಕಾದ ಐದೂ ಒಂದೇ ಕಲ್ಲಿನಲ್ಲಿವೆ. ಪವಾಡ ಮಾತ್ರ ಇಲ್ಲ. ನಿಮ್ಮೂರಿನ ಪ್ರತಿ ದೇವರ ಮುಂದೆಯೂ ಈ ಐದನ್ನು ಹುಡುಕಿ, ಯಾವುದು ಸಿಕ್ಕಿತು, ಯಾವುದು ಸಿಗಲಿಲ್ಲ ಎಂದು ಗುರುತು ಹಾಕಿ. ಆತಕೂರಿನ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಇದೇ ಶಾಸನ ಕಾಲ ಲೆಕ್ಕ ಹಾಕುವ ತೊಡಕನ್ನೂ ತೋರಿಸುತ್ತದೆ. ಅದರಲ್ಲಿರುವುದು ಶಕ 872, ಸೌಮ್ಯ ಸಂವತ್ಸರ. ಶಕಕ್ಕೆ 78 ಕೂಡಿಸಿದರೆ 950. ಆದರೆ ಸೌಮ್ಯ ಸಂವತ್ಸರ ಬರುವುದು 949ರ ಯುಗಾದಿಯಿಂದ 950ರ ಯುಗಾದಿಯವರೆಗೆ. ನಡೆಯುತ್ತಿರುವ ವರ್ಷವನ್ನು ಎಣಿಸಿದ್ದಾರೋ, ಕಳೆದ ವರ್ಷವನ್ನೋ ಎಂಬುದರ ಮೇಲೆ ಒಂದು ವರ್ಷ ಆಚೀಚೆ ಆಗುತ್ತದೆ. ಅದನ್ನು ತೀರ್ಮಾನಿಸುವುದು ಸಂವತ್ಸರದ ಹೆಸರು: 1969–70 ಸೌಮ್ಯ, ಅಲ್ಲಿಂದ ಅರವತ್ತರಂತೆ ಹಿಂದಕ್ಕೆ ಎಣಿಸುತ್ತ ಹೋಗಿ. ಸಂವತ್ಸರ ಮಾತ್ರ ಇದ್ದು ಶಕವರ್ಷ ಇಲ್ಲದ ಕಲ್ಲಿಗೆ ಇಸವಿ ಅಂಟಿಸಬೇಡಿ. ಅಕ್ಷರದ ರೂಪ ನೋಡಿ ಶತಮಾನ ಹೇಳುವುದು ತಜ್ಞರ ಕೆಲಸ.

ಕಲ್ಲಿನ ಫೋಟೋಗೆ ಮಧ್ಯಾಹ್ನದ ಬಿಸಿಲು ಕೆಲಸಕ್ಕೆ ಬಾರದು, ಅಕ್ಷರ ಮಾಯವಾಗುತ್ತವೆ. ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ ಹೋಗಿ. ಗುಡಿಯೊಳಗಿನ ಕಲ್ಲಾದರೆ ಟಾರ್ಚನ್ನು ಕಲ್ಲಿನ ಮೈಗೆ ತಾಗಿಸಿದಂತೆ, ಹತ್ತು–ಹದಿನೈದು ಡಿಗ್ರಿ ಓರೆಯಲ್ಲಿ ಹಿಡಿದು, ಎಡ, ಬಲ, ಮೇಲೆ, ಕೆಳಗೆ ನಾಲ್ಕೂ ದಿಕ್ಕಿನಿಂದ ಒಂದೊಂದು ಚಿತ್ರ. ಪಕ್ಕದಲ್ಲಿ ಸ್ಕೇಲು ಇರಲಿ. ಅಕ್ಷರ ಕಾಣಲಿಲ್ಲವೆಂದು ಸೀಮೆಸುಣ್ಣ, ವಿಭೂತಿ, ಹಿಟ್ಟು ಬಳಿಯಬೇಡಿ. ಬಳಿಯುವಾಗ ನಿಮ್ಮ ಊಹೆಯ ಅಕ್ಷರವೇ ಮೂಡುತ್ತದೆ, ಆಮೇಲೆ ಬಂದವರು ಅದನ್ನೇ ಓದುತ್ತಾರೆ. ತಂತಿ ಬ್ರಷ್ಷು, ಆಸಿಡ್ ಹತ್ತಿರವೂ ಸುಳಿಯಕೂಡದು. ನೀರು, ಮೆತ್ತನೆಯ ಬ್ರಷ್ಷು, ಅಷ್ಟೇ. ಅದೂ ಪೂಜೆಯ ಕಲ್ಲಾದರೆ ಪೂಜಾರಿಯ ಕೈಯಿಂದಲೇ. ಎಣ್ಣೆಬಣ್ಣ ಬಳಿದಿದ್ದರೆ ಹಾಗೇ ಬಿಡಿ, ಯಾವಾಗ ಬಳಿದರು ಎಂದು ಕೇಳಿ ಬರೆದುಕೊಳ್ಳಿ.

ಸಿಕ್ಕಿದ್ದು ಈಗಾಗಲೇ ಪ್ರಕಟವಾಗಿದೆಯೇ ನೋಡಲು ನಾಡಿನ ಶಾಸನಗಳನ್ನು ಅಚ್ಚು ಹಾಕಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಿವೆ. ಮಂಡ್ಯ ಜಿಲ್ಲೆ ಆದದ್ದು 1939ರಲ್ಲಿ. ಹಾಗಾಗಿ ಬಿ.ಎಲ್. ರೈಸ್ ಅವರ ಹಳೆಯ ಸರಣಿಯಲ್ಲಿ ನಿಮ್ಮ ಊರನ್ನು ಮೈಸೂರು ಜಿಲ್ಲೆಯ ಸಂಪುಟಗಳಲ್ಲಿ, ಅಂದರೆ 1894ರ ಮೂರನೆಯದರಲ್ಲಿ ಮತ್ತು 1898ರ ನಾಲ್ಕನೆಯದರಲ್ಲಿ ಹುಡುಕಬೇಕು. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಸರಣಿಯಲ್ಲಿ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ಆರನೆಯ ಸಂಪುಟ. ನಾಗಮಂಗಲ, ಮದ್ದೂರು, ಮಳವಳ್ಳಿ, ಮಂಡ್ಯ ಏಳನೆಯದು. ಊರಿನ ಹೆಸರು ಈಗಿನಂತೆಯೇ ಇರುತ್ತದೆಂದು ತಿಳಿಯಬೇಡಿ. ಆತಕೂರು ಶಾಸನದಲ್ಲಿ ಆತುಕೂರು. ಮಳವಳ್ಳಿ, ತಿ. ನರಸೀಪುರದ ಕಡೆ ಓದಲಾಗದ ಲಿಪಿ ಸಿಕ್ಕರೆ ‘ದೇವಲಿಪಿ’ ಎಂದು ಬರೆಯುವ ಮೊದಲು ತಮಿಳು ಅಥವಾ ಗ್ರಂಥ ಲಿಪಿಯೇ ನೋಡಿ. 1004ರ ಸುಮಾರಿಗೆ ತಲಕಾಡು ಚೋಳರ ಕೈಸೇರಿ, ಮುಂದೆ ನೂರಕ್ಕೂ ಹೆಚ್ಚು ವರ್ಷ ಅವರ ಆಳ್ವಿಕೆ ಈ ನೆಲದಲ್ಲಿತ್ತು. ಎಲ್ಲೂ ಪ್ರಕಟವಾಗದ ಶಾಸನವಾದರೆ ಮೈಸೂರಿನಲ್ಲೇ ಇರುವ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗಕ್ಕೆ ಫೋಟೋ, ಊರು, ಸರ್ವೆ ನಂಬರು ಬರೆದು ಕಳಿಸಿ.

ಯಾರನ್ನು ಕೇಳಬೇಕು, ಏನನ್ನು ಕೇಳಬೇಕು

ಪೂಜಾರಿಯನ್ನು ಕೊನೆಗೆ ಕೇಳಿ. ಅವರ ಬಳಿ ಭಕ್ತರಿಗೆ ಹೇಳಿ ಹೇಳಿ ನಯವಾದ ಕಥೆ ಇರುತ್ತದೆ, ಅದನ್ನು ಮೊದಲೇ ಕೇಳಿಬಿಟ್ಟರೆ ಉಳಿದದ್ದೆಲ್ಲ ಅದರ ಅಚ್ಚಿಗೇ ಬೀಳುತ್ತದೆ. ಮೊದಲು ತಮಟೆ ಬಡಿಯುವವರು, ನಡೆಮುಡಿ (ದೇವರು ನಡೆಯುವ ದಾರಿಗೆ ಬಟ್ಟೆ) ಹಾಸಿ ಪಂಜು ಹಿಡಿಯುವ ಮಡಿವಾಳರು, ಊರ ಚಾಕರಿಯ ಕುಳವಾಡಿ ಮನೆಯವರು, ಮಡಕೆ ಕೊಡುತ್ತಿದ್ದ ಕುಂಬಾರರು. ಆಮೇಲೆ ಬೇರೆ ಊರಿನಿಂದ ಮದುವೆಯಾಗಿ ಬಂದ ವಯಸ್ಸಾದ ಹೆಂಗಸರು. ತವರಿನ ಪದ್ಧತಿಗೆ ಹೋಲಿಸಿ ನೋಡಿದವರಾದ್ದರಿಂದ ‘ನಮ್ಮೂರಲ್ಲಿ ಹಿಂಗಿರಲಿಲ್ಲ, ಇಲ್ಲಿ ಮಾತ್ರ ಹಿಂಗೆ’ ಎಂದು ಹೇಳಬಲ್ಲವರು ಅವರೇ.

ಕಾಲ ಕೇಳುವಾಗ ಇಸವಿ ಕೇಳಬೇಡಿ. ಎಲ್ಲರಿಗೂ ಗೊತ್ತಿರುವ ಘಟನೆಗೆ ಗಂಟು ಹಾಕಿ: ಕನ್ನಂಬಾಡಿ ಕಟ್ಟೆ (ಕೆ.ಆರ್.ಎಸ್. ಅಣೆಕಟ್ಟು) ಕಟ್ಟುವ ಮುಂಚೆಯೋ ಆಮೇಲೋ (1911ರಿಂದ ಸುಮಾರು ಇಪ್ಪತ್ತು ವರ್ಷ ನಡೆದ ಕೆಲಸ), ಕಾವೇರಿಯ ದೊಡ್ಡ ನೆರೆ (1924), ಶಿವಪುರದ ಧ್ವಜ ಸತ್ಯಾಗ್ರಹ (1938), ಗಾಂಧಿ ಸತ್ತ ವರ್ಷ (1948). ‘ನಮ್ಮಜ್ಜ ಹೇಳುತ್ತಿದ್ದ’ ಎನ್ನುವ ಮಾತಿಗೆ ಒಂದು ತಲೆಮಾರಿಗೆ 25–30 ವರ್ಷ ಹಿಡಿಯಿರಿ. ನಾಲ್ಕೈದು ತಲೆಮಾರು ದಾಟಿದರೆ ನಡುವಿನ ಹೆಸರುಗಳು ಉದುರಿಹೋಗಿರುತ್ತವೆ. ‘ಏಳು ತಲೆಮಾರಿನಿಂದ’ ಎಂಬುದನ್ನು ಲೆಕ್ಕವೆಂದು ತಿಳಿದು 200 ವರ್ಷ ಎಂದು ಬರೆದವರ ಸ್ಥಳಪುರಾಣ ಪುಸ್ತಿಕೆಗಳು ಬೇಕಾದಷ್ಟಿವೆ.

ಮಾತನ್ನು ಧ್ವನಿಮುದ್ರಿಸುವಾಗ ಫೋನನ್ನು ಬಾಯಿಂದ ಒಂದು ಅಡಿಯೊಳಗೆ ಇಡಿ, ಫ್ಯಾನ್ ಆರಿಸಿ, ಧ್ವನಿ ಕುಗ್ಗಿಸದ ವೇವ್ (WAV) ರೂಪದಲ್ಲಿ ಉಳಿಸಿ. 44.1 ಕಿಲೋಹರ್ಟ್ಸ್, 16 ಬಿಟ್, ಒಂಟಿ ಚಾನೆಲ್‌ನಲ್ಲಿ ಗಂಟೆಗೆ ಸುಮಾರು 320 ಎಂಬಿ ಆಗುತ್ತದೆ. ಶುರುವಿನಲ್ಲೇ ದಿನಾಂಕ, ಊರು, ಯಾರೊಡನೆ ಮಾತು, ಧ್ವನಿಮುದ್ರಣಕ್ಕೆ ಒಪ್ಪಿಗೆ ಇದೆಯೇ ಎಂಬುದನ್ನು ಬಾಯಲ್ಲೇ ಹೇಳಿಸಿ. ವಾಟ್ಸಾಪಿನಲ್ಲಿ ಕಳಿಸಿದ ಪ್ರತಿಯನ್ನು ಮೂಲವೆಂದು ಇಟ್ಟುಕೊಳ್ಳಬೇಡಿ, ಅದು ಕುಗ್ಗಿದ ಧ್ವನಿ.

ಹಾಡುಗಳಿದ್ದರೆ ಭಾಗ್ಯ. ಮಂಟೇಸ್ವಾಮಿ, ಸಿದ್ದಪ್ಪಾಜಿಯ ಒಕ್ಕಲಿನ ನೀಲಗಾರರು, ಮಾದಪ್ಪನ ಕಂಸಾಳೆಯವರು ಹಾಡುವುದರಲ್ಲಿ ಪವಾಡಕ್ಕಿಂತ ಕಸುಬು ಮತ್ತು ದಾರಿಯನ್ನು ಹಿಡಿಯಿರಿ. ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗೆ ಹೋಗುವುದು ಮಳವಳ್ಳಿ ತಾಲ್ಲೂಕಿನ ಹಲಗೂರಿನ ಪಾಂಚಾಳರ (ಕಮ್ಮಾರರ) ಬಳಿಗೆ. ಮಾದಪ್ಪ ಸುತ್ತೂರು ಮಠದಲ್ಲಿ ರಾಗಿ ಬೀಸುತ್ತಾನೆ. ಕುಲುಮೆ, ರಾಗಿಕಲ್ಲು, ಮಠ, ಕಾಡು: ಯಾರ ಬದುಕಿನಿಂದ ಈ ದೇವರು ಎದ್ದ ಎಂಬುದು ಅಲ್ಲೇ ಇದೆ. ಈ ದೇವರುಗಳು ಊರಿನವರಲ್ಲ, ಮನೆಯವರು. ಒಕ್ಕಲು ಎಲ್ಲಿಗೆ ಹೋದರೂ ಜೊತೆಗೆ ಹೋಗುತ್ತಾರೆ. ಹಾಗಾಗಿ ಊರದೇವರು, ಮನೆದೇವರು, ಕುಲದೇವರಿಗೆ ಪುಸ್ತಕದಲ್ಲಿ ಬೇರೆ ಬೇರೆ ಹಾಳೆ ಇಡಿ. ಹೊಸಬರು ಹೆಚ್ಚಾಗಿ ಕಲಸಿಬಿಡುವುದು ಇವನ್ನೇ.

ಹಬ್ಬ ನೋಡುವುದು

ಹಬ್ಬವನ್ನು ದೇವರ ಮುಂದೆ ನಿಂತು ನೋಡಿದರೆ ಅಲಂಕಾರ ಕಾಣುತ್ತದೆ, ಅಷ್ಟೇ. ಮೆರವಣಿಗೆಗೆ ಇಪ್ಪತ್ತು ಹೆಜ್ಜೆ ಹಿಂದೆ ಅಥವಾ ಪಕ್ಕದಲ್ಲಿರಿ. ಸಾರು ಹಾಕಿದ, ಅಂದರೆ ಹಬ್ಬವನ್ನು ಊರಿಗೆ ಸಾರಿದ ದಿನದಿಂದ ಬರೆಯಲು ಶುರು ಮಾಡಿ. ಸಾರಿದವರು ಯಾರು, ಎಷ್ಟು ದಿನದ ಗಡುವು, ಆ ದಿನಗಳಲ್ಲಿ ಏನು ಮಾಡಬಾರದು. ಹಲವು ಊರುಗಳಲ್ಲಿ ಒಗ್ಗರಣೆ ಹಾಕಬಾರದು, ರಾತ್ರಿ ಹೊರಗೆ ತಂಗಬಾರದು, ಮದುವೆ ಮಾತು ಆಡಬಾರದು ಎಂಬ ಕಟ್ಟು ಇರುತ್ತದೆ. ಈಗ ಯಾರು ಪಾಲಿಸುತ್ತಾರೆ, ಬೆಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿಬರುವವರು ಏನು ಮಾಡುತ್ತಾರೆ ಎಂಬುದನ್ನೂ ಬರೆಯಿರಿ. ನಿಯಮಕ್ಕಿಂತ ರಿಯಾಯಿತಿಯೇ ಹೆಚ್ಚು ಹೇಳುತ್ತದೆ.

ಕೊಂಡವಿದ್ದರೆ ಉದ್ದ, ಅಗಲ, ಆಳ ಅಳೆಯಿರಿ. ಸೌದೆ ಯಾವ ಮರದ್ದು, ಯಾವ ಕೇರಿಯಿಂದ ಎಷ್ಟು ಗಾಡಿ, ಬೆಂಕಿ ಕೊಟ್ಟವರು ಯಾರು, ಹೊತ್ತಿಸಿದ್ದು ಎಷ್ಟು ಗಂಟೆಗೆ, ಮೊದಲು ಹಾಯ್ದವರು ಯಾರು. ದೇವರನ್ನು ಹೊಳೆಗೋ ಕೆರೆಗೋ ಒಯ್ದು ಹೂವು–ಹೊಂಬಾಳೆ ಮಾಡಿಕೊಂಡು (ಸಿಂಗರಿಸಿ ಪೂಜಿಸಿ) ತರುವಾಗ ನಡೆದ ದಾರಿಯನ್ನು ನಕ್ಷೆಯ ಮೇಲೆ ಎಳೆಯಿರಿ. ಮೆರವಣಿಗೆ ಸುಮ್ಮನೆ ಬಳಸಿ ಹೋಗುವುದಿಲ್ಲ. ಅದು ಬಳಸುವ ತಿರುವಿನಲ್ಲಿ ಹಳೆಯ ಊರಿನ ಎಲ್ಲೆಯೋ ಮುಚ್ಚಿಹೋದ ಬಾವಿಯೋ ಇರುವ ಸಂಭವ ಹೆಚ್ಚು. ಮೊದಲ ಮಂಗಳಾರತಿ, ಮೊದಲ ತಂಬಿಟ್ಟಿನ ಆರತಿ, ಮೊದಲ ವೀಳ್ಯ ಯಾವ ಮನೆಗೆ ಸಲ್ಲುತ್ತದೆ ಎಂಬ ಸರದಿಯನ್ನು ಒಂದೂ ಬಿಡದೆ ಬರೆದುಕೊಳ್ಳಿ. ಊರು ಕಟ್ಟಿದವರು, ಆಮೇಲೆ ಬಂದು ಸೇರಿದವರು, ಬಲ ಬಂದ ಮೇಲೆ ಸರದಿ ಕಿತ್ತುಕೊಂಡವರು, ಎಲ್ಲರೂ ಅದರಲ್ಲಿದ್ದಾರೆ. ಊರಗೌಡರಿಗಿಂತ ಮುಂಚೆ ಬಡಕುಟುಂಬವೊಂದಕ್ಕೆ ವೀಳ್ಯ ಸಂದರೆ ಅಲ್ಲೇ ನಿಂತು ಕೇಳಿ.

ಹಬ್ಬದ ಕಾಲವನ್ನೂ ಲೆಕ್ಕಕ್ಕೆ ತನ್ನಿ. ಮಾರಿಹಬ್ಬ ಹೆಚ್ಚಾಗಿ ಮಾಘದಿಂದ ವೈಶಾಖದೊಳಗೆ ಬೀಳುತ್ತದೆ. ಸುಗ್ಗಿ ಮುಗಿದು ಕಣಜ ತುಂಬಿರುತ್ತದೆ, ಮಳೆಗೆ ಇನ್ನೂ ಕಾಲವಿದೆ, ಕೈಗೆ ಬಿಡುವು. ಸಿಡುಬು ಹಬ್ಬುತ್ತಿದ್ದದ್ದೂ ಇದೇ ಒಣ ತಿಂಗಳುಗಳಲ್ಲಿ. ಬೇವು, ಮೊಸರನ್ನ, ತಂಪು, ಊರಾಚೆ ಹೋಗಬಾರದೆಂಬ ಕಟ್ಟು, ಇವುಗಳಲ್ಲಿ ರೋಗದ ನೆನಪು ಎಷ್ಟು ಎಂದು ಕೇಳಿ. ಆದರೆ ‘ಹಿರಿಯರು ವಿಜ್ಞಾನ ತಿಳಿದೇ ಮಾಡಿದ್ದರು’ ಎಂಬ ತೀರ್ಪಿಗೆ ಹಾರಬೇಡಿ. ಅದೇ ಹಬ್ಬ ನೂರಾರು ಜನರನ್ನು ಒಂದೆಡೆ ಸೇರಿಸುತ್ತಿತ್ತು, ರೋಗಕ್ಕೆ ಅದಕ್ಕಿಂತ ಅನುಕೂಲ ಬೇರಿಲ್ಲ. ಭಾರತದಲ್ಲಿ 1975ರ ಮೇಲೆ ಸಿಡುಬಿಲ್ಲ, 1980ರಲ್ಲಿ ಜಗತ್ತಿನಿಂದಲೇ ಹೋಯಿತೆಂದು ಘೋಷಣೆಯಾಯಿತು. ಮಾರಮ್ಮ ಹೋಗಲಿಲ್ಲ. ಈಗ ಹರಕೆ ಹೊರುವವರು ಏನು ಬೇಡುತ್ತಾರೆ? ಹರಕೆಯ ಪಟ್ಟಿ ಮಾಡಿ: ಮಗು, ಕೆಲಸ, ಕೋರ್ಟು ಕೇಸು, ಬೋರ್‌ವೆಲ್ಲಿನ ನೀರು, ಹೊಸ ಟ್ರ್ಯಾಕ್ಟರು. ರೋಗಕ್ಕೆ ಹುಟ್ಟಿದ ದೇವತೆ ರೋಗ ಹೋದ ಮೇಲೂ ಏಕೆ ಬೇಕಾದಳು ಎಂಬುದಕ್ಕೆ ಈ ಪಟ್ಟಿಗಿಂತ ಒಳ್ಳೆಯ ಸಾಕ್ಷಿ ಇಲ್ಲ.

ಬೆಲೆ ಕಟ್ಟುವುದು

ಧರ್ಮದಿಂದ ಮನುಷ್ಯನಿಗೇನು ಪ್ರಯೋಜನ ಎಂಬ ಪ್ರಶ್ನೆಗೆ ಊರಿನಲ್ಲಿ ಲೆಕ್ಕವೇ ಸಿಗುತ್ತದೆ. ವಂತಿಗೆ ಪುಸ್ತಕ ಕೇಳಿ: ಮನೆಗೆ ಎಷ್ಟು, ಕೊಡಲಾಗದವರಿಗೆ ಏನು ಮಾಡಿದರು, ಖರ್ಚಿನಲ್ಲಿ ಊಟಕ್ಕೆ ಎಷ್ಟು, ಧ್ವನಿವರ್ಧಕಕ್ಕೆ ಎಷ್ಟು. ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಹಬ್ಬಕ್ಕೆ ಒಂದಾದರೇ? ದೇವರ ಮುಂದೆ ಆಣೆ ಮಾಡಿಸಿ ಮುಗಿಸಿದ ವ್ಯಾಜ್ಯಗಳೆಷ್ಟು? ಹೆಣ್ಣುಮಕ್ಕಳು ತವರಿಗೆ ಬರಲು ಇದೊಂದೇ ನೆಪವೇ? ಮೈಮೇಲೆ ದೇವರು ಬಂದಾಗ ಹೆಂಗಸೊಬ್ಬಳು ಬೇರೆ ದಿನ ಆಡಲಾಗದ ಯಾವ ಮಾತನ್ನು ಆಡಿದಳು?

ಇದೇ ಹಾಳೆಯ ಇನ್ನೊಂದು ಮಗ್ಗುಲಿಗೆ, ಅಷ್ಟೇ ಪ್ರಾಮಾಣಿಕವಾಗಿ, ಯಾರು ಹೊರಗೆ ನಿಂತರು ಎಂದು ಬರೆಯಿರಿ. ತಮಟೆ ಇಲ್ಲದೆ ದೇವರು ಏಳುವುದಿಲ್ಲ, ಆದರೆ ತಮಟೆಯವರು ಗುಡಿಯ ಮೆಟ್ಟಿಲು ಹತ್ತುತ್ತಾರೆಯೇ? ಊಟದ ಪಂಕ್ತಿ ಒಂದೇ ಇದೆಯೇ, ಎರಡಿದೆಯೇ? ಮೆರವಣಿಗೆ ದಲಿತರ ಕೇರಿಗೆ ಹೋಯಿತೇ, ಕೇರಿಯ ಬಾಯಲ್ಲೇ ತಿರುಗಿತೇ? ಇದನ್ನು ಬಿಟ್ಟು ಬರೆದರೆ ಸಮಿತಿಗೆ ಖುಷಿಯಾಗಬಹುದು, ದಾಖಲೆ ಕುರುಡಾಗುತ್ತದೆ. ಪ್ರಾಣಿಬಲಿಗೆ 1959ರ ಕಾಯ್ದೆಯ ನಿಷೇಧವಿದೆ. ಕೊಕ್ಕೆಗೆ ಸಿಕ್ಕಿಸಿ ಮೇಲೆ ತೂಗುವ ಸಿಡಿಯಂಥ, ಮೈಗೆ ಅಪಾಯದ ಆಚರಣೆಗಳು 2017ರ ಕಾಯ್ದೆಯಡಿ ಬರುತ್ತವೆ. ಇಂಥವುಗಳ ಹಳೆಯ ನೆನಪನ್ನು ಬರೆದಿಡಿ, ಜನರ ಹೆಸರು, ಮುಖ ಬೇಡ.

ಸೌಂದರ್ಯವೇ ಬೆಲೆ ಎಂದುಕೊಳ್ಳುವವರು ಒಮ್ಮೆ ಸೋಮನಾಥಪುರಕ್ಕೆ ಹೋಗಿಬನ್ನಿ. ಹದಿಮೂರನೆಯ ಶತಮಾನದ ಆ ಕೇಶವ ದೇವಾಲಯ 2023ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿತು. ನಿತ್ಯಪೂಜೆ ಮಾತ್ರ ಇಲ್ಲ. ಕನ್ನಂಬಾಡಿ ಮುಳುಗುವಾಗ ಜನ ಯಾವ ದೇವರನ್ನು ಹೊತ್ತು ತಂದರು, ಯಾವುದನ್ನು ನೀರಿಗೆ ಬಿಟ್ಟರು ಎಂಬುದು ಇನ್ನೊಂದು ಅಳತೆಗೋಲು. ವೇಣುಗೋಪಾಲನ ಕಲ್ಲುಗುಡಿ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಎದ್ದು ನಿಲ್ಲಲು ದಶಕಗಳೇ ಹಿಡಿದವು. ಸಣ್ಣ ಕಲ್ಲುದೇವರು ಮಡಿಲಲ್ಲೂ ಬರಬಲ್ಲದು. ಹಿನ್ನೀರಿನ ಸುತ್ತಲಿನ ಪುನರ್ವಸತಿ ಊರುಗಳವರು ಈ ಪ್ರಶ್ನೆಯನ್ನು ಮೊದಲು ಕೇಳಿ, ಹೇಳಬಲ್ಲವರು ಕಡಿಮೆಯಾಗುತ್ತಿದ್ದಾರೆ.

ಬರೆದಿಡುವುದು

ಪುಟವನ್ನು ಮೂರು ಸಾಲಾಗಿ ಭಾಗ ಮಾಡಿ: ಹೇಳಿದ್ದು, ಮಾಡಿದ್ದು, ಬರೆದಿರುವುದು. ಪೂಜಾರಿಯ ಕಥೆ ಮೊದಲನೆಯದರಲ್ಲಿ, ನೀವು ಕಂಡದ್ದು ಎರಡನೆಯದರಲ್ಲಿ, ಶಾಸನ, ಪಹಣಿ, ಇನಾಮು ದಾಖಲೆ ಮೂರನೆಯದರಲ್ಲಿ. ಮೂರೂ ತಾಳೆಯಾದರೆ ಅನುಮಾನಿಸಿ. ಯಾರೋ ಶಾಸನ ಓದಿ ಕಥೆ ತಿದ್ದಿರಬಹುದು. ಹೊಸ ಬೋರ್ಡು, ಗ್ರಾನೈಟು, ಗೋಪುರದ ಜೊತೆಗೆ ಮಾರಮ್ಮ ‘ಪಾರ್ವತಿಯ ಅವತಾರ’ವಾಗುವುದು, ಬಾಡೂಟ ನಿಂತು ಹೋಮ ಬರುವುದು ನಮ್ಮ ಕಣ್ಣೆದುರೇ ನಡೆಯುತ್ತಿದೆ. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಇಂಥ ಬದಲಾವಣೆಯನ್ನು ಸಂಸ್ಕೃತೀಕರಣ ಎಂದು ಕರೆದರು. ಬೋರ್ಡು ಹಾಕಿದ ದಿನಾಂಕ, ದುಡ್ಡು ಕೊಟ್ಟವರು, ಹಳೆಯ ಹೆಸರು, ಮೂರನ್ನೂ ಬರೆಯಿರಿ.

ಶ್ರೀನಿವಾಸರದೇ ಇನ್ನೊಂದು ಪಾಠವಿದೆ. ಮೈಸೂರು ಸಮೀಪದ ಹಳ್ಳಿಯಲ್ಲಿ 1948ರಲ್ಲಿ ಮಾಡಿದ ಕ್ಷೇತ್ರಕಾರ್ಯದ ಟಿಪ್ಪಣಿಗಳನ್ನು ವರ್ಷಗಟ್ಟಲೆ ತಿದ್ದಿ, ಮೂರು ಪ್ರತಿ ಮಾಡಿಟ್ಟಿದ್ದರು. ಮೂರೂ ಇದ್ದದ್ದು ಅಮೆರಿಕದ ಸ್ಟ್ಯಾನ್‌ಫರ್ಡಿನ ಒಂದೇ ಕೋಣೆಯಲ್ಲಿ. 1970ರಲ್ಲಿ ಯಾರೋ ಇಟ್ಟ ಬೆಂಕಿಗೆ ಮೂರೂ ಸುಟ್ಟವು. ಕೊನೆಗೆ ಹೆಚ್ಚಿನಂಶ ನೆನಪಿನಿಂದಲೇ ಪುಸ್ತಕ ಬರೆಯಬೇಕಾಯಿತು. ನಿಮ್ಮ ಮೂರು ಪ್ರತಿ ಮೂರು ಜಾಗದಲ್ಲಿರಲಿ: ಮನೆಯ ಹಾರ್ಡ್‌ಡಿಸ್ಕು, ಬೇರೆ ಊರಿನ ನಂಟರ ಮನೆ, ಆನ್‌ಲೈನ್ ಖಾತೆ. ಕಡತದ ಹೆಸರು ವರ್ಷ–ತಿಂಗಳು–ದಿನ–ಊರು–ವಿಷಯ ಎಂಬ ಕ್ರಮದಲ್ಲಿರಲಿ. ‘ಹೊಸ ರೆಕಾರ್ಡಿಂಗ್ 14’ ಯಾರದೆಂದು ಆರು ತಿಂಗಳಿಗೆ ನಿಮಗೇ ಗೊತ್ತಾಗುವುದಿಲ್ಲ.

ಮುಗಿದ ಮೇಲೆ ಅಚ್ಚು ಮಾಡಿದ ಒಂದು ಪ್ರತಿ ಊರಿನ ಶಾಲೆಗೆ, ಒಂದು ದೇವಸ್ಥಾನಕ್ಕೆ, ಒಂದು ತಮಟೆಯವರ ಮನೆಗೆ ಕೊಡಿ. ಕೊಡುವ ಮೊದಲು ಚಾವಡಿಯಲ್ಲಿ ಕೂತು ಎಲ್ಲರಿಗೂ ಓದಿ ಹೇಳಿ. ‘ಅದು ಹಂಗಲ್ಲ’ ಎಂದು ಯಾರಾದರೂ ಎದ್ದರೆ ಪುಟ ಹರಿಯಬೇಡಿ, ಅಂಚಿನಲ್ಲಿ ಅವರ ಮಾತನ್ನೂ ದಿನಾಂಕ ಹಾಕಿ ಬರೆದುಕೊಳ್ಳಿ. ವೀಳ್ಯದ ಸರದಿಯ ಬಗ್ಗೆ ಕೋರ್ಟಿನಲ್ಲಿ ವ್ಯಾಜ್ಯ ನಡೆಯುತ್ತಿದ್ದರೆ ಮಾತ್ರ ಆ ಒಂದು ಅಧ್ಯಾಯವನ್ನು ತೀರ್ಪು ಬರುವವರೆಗೆ ಹೊರಗೆ ಬಿಡಬೇಡಿ. ನಿಮ್ಮ ಪುಸ್ತಕವೇ ಸಾಕ್ಷಿಯಾಗಿ ಹಾಜರಾಗಬೇಕಾದೀತು.